ಉದ್ಯಾನವೂ ಶಾಂತರಸವೂ

೧

ಕಾವ್ಯದಲ್ಲಿ ಉದ್ಯಾನಕ್ಕೆ ಬಹುಕಾಲದಿಂದ ನಿಯತವಾದ ಒಂದು ಸ್ಥಾನವುಂಟು. ಮಹಾಕಾವ್ಯವೆನಿಸಬೇಕಾದರೆ ಪುರವರ್ಣನೆ, ಋತುವರ್ಣನೆ, ಚಂದ್ರೋದಯ ಮೊದಲಾದವುಗಳೊಡನೆ ಉದ್ಯಾನವಿಹಾರವೂ ಜಲಕ್ರೀಡೆಯೂ ಇರತಕ್ಕದ್ದೆಂದು ಲಾಕ್ಷಣಿಕರು ವಿಧಿಸಿದರು. ಕನ್ನಡದ ಚಂಪೂಕವಿಗಳು ಆ ವಿಧಿಯನ್ನು ಸಂತೋಷದಿಂದಲೇ ಪಾಲಿಸಿದರು. ಆದರೆ ಆ ಉದ್ಯಾನಗಳಲ್ಲಿ ಮಾವು ಚಿಗುರುವುದು, ಕೋಗಿಲೆ ಕೂಗುವುದು, ಕೊಳದಲ್ಲಿ ತಾವರೆ ಅರಳುವುದು ಇವೆಲ್ಲವೂ ತಮಗಾಗಿ ಅಲ್ಲ. ನಾಯಕನೋ ನಾಯಿಕೆಯೋ ಅಲ್ಲಿಗೆ ಬರಬೇಕು. ಬಂದವರ ಮನಸ್ಸಿನಲ್ಲಿ ಮೊದಲೇ ಬೇರೂರಿರುವ ರತಿಯು ಆ ಚಿಗುರಿನಿಂದಲೂ ಆ ದನಿಯಿಂದಲೂ ಕೆರಳಬೇಕು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಉದ್ಯಾನವು ಉದ್ದೀಪನವಿಭಾವ, ಆಲಂಬನವು ಬೇರೆ. ತೋಟವು ದೀಪಕ್ಕೆ ಎರೆಯುವ ಎಣ್ಣೆಯೇ ಹೊರತು ದೀಪವಲ್ಲ.

ಚಿತ್ರಕಲೆಯಲ್ಲಿಯೂ ಬಹುಮಟ್ಟಿಗೆ ಇದೇ ಸ್ಥಿತಿ. ರಾಜಪುತ್ರರ ಮತ್ತು ಪಹಾಡಿ ಸಂಪ್ರದಾಯದ ಚಿತ್ರಗಳಲ್ಲಿ ಹೂಬಿಟ್ಟ ಬಳ್ಳಿಯು ವಿರಹಿಣಿಯ ನಿಟ್ಟುಸಿರಿಗೆ ಹಿನ್ನೆಲೆ; ಯೂರೋಪಿನ ಹಳೆಯ ಚಿತ್ರಗಳಲ್ಲಿ ಬೇಲಿಕಟ್ಟಿದ ತೋಟವು ಮೇರಿಮಾತೆಯ ಪಾವಿತ್ರ್ಯಕ್ಕೆ ಸಂಕೇತ. ಮನುಷ್ಯಾಕೃತಿಯನ್ನು ತೆಗೆದುಬಿಟ್ಟರೆ ಉಳಿಯುವ ತೋಟವು ಪಾತ್ರಗಳು ನಿರ್ಗಮಿಸಿದ ರಂಗದಂತೆ ಬರಿದಾಗಿ ಕಾಣುವುದು.

ಇತ್ತ ಶಾಂತವನ್ನು ಒಂಬತ್ತನೆಯ ರಸವೆಂದು ಒಪ್ಪುವುದರಲ್ಲಿ ಆಲಂಕಾರಿಕರಿಗೆ ಬಹುಕಾಲ ಒಮ್ಮತವಿರಲಿಲ್ಲ. ಎಲ್ಲ ವ್ಯಾಪಾರವೂ ಅಡಗಿದ ಮನಸ್ಸನ್ನು ನಟನು ಅಭಿನಯಿಸುವುದೆಂತು ಎಂಬುದು ವಿರೋಧಿಗಳ ಆಕ್ಷೇಪ. ಚಿತ್ರಕಾರನಿಗೆ ಈ ತೊಡಕು ಇಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಚಿತ್ರವು ಸ್ವಭಾವದಿಂದಲೇ ನಿಶ್ಚಲವಾದುದು. ಆದರೆ ನಿಶ್ಚಲತೆ ಬೇರೆ, ಶಾಂತಿ ಬೇರೆ. ಜಡವಾದ ಚಿತ್ರಗಳು ಲೋಕದಲ್ಲಿ ಬೇಕಾದಷ್ಟಿವೆ. ನೋಡುವವನ ಮನಸ್ಸನ್ನು ಶಮದ ಕಡೆಗೆ ಒಯ್ಯುವ ಚಿತ್ರಗಳು ವಿರಳ. ಹೂವು, ನೀರು, ನೆರಳು ಇವನ್ನು ಬರೆದ ಮಾತ್ರಕ್ಕೆ ಧ್ಯಾನವು ಕೈಗೂಡುವಂತಿದ್ದರೆ ಗೋಡೆಯ ಮೇಲಿನ ಕ್ಯಾಲೆಂಡರುಗಳೆಲ್ಲವೂ ಶಾಂತರಸದ ನಿಧಿಗಳಾಗುತ್ತಿದ್ದುವು.

ಹಾಗಾದರೆ ಉದ್ಯಾನವು ಉದ್ದೀಪನದ ಅಂತಸ್ತನ್ನು ಬಿಟ್ಟು ತಾನೇ ಆಲಂಬನವಾಗುವುದು ಯಾವಾಗ? ಫ್ರಾನ್ಸಿನ ಕ್ಲೋದ್ ಮೊನೆಯು (೧೮೪೦–೧೯೨೬) ತಾನೇ ನಿರ್ಮಿಸಿಕೊಂಡ ಕೊಳವೊಂದನ್ನು ಕುರಿತು ತನ್ನ ಬಾಳಿನ ಕೊನೆಯ ಮೂವತ್ತು ವರ್ಷಗಳಲ್ಲಿ ಬರೆದ ಚಿತ್ರಗಳು ಈ ಪ್ರಶ್ನೆಯ ವಿವೇಚನೆಗೆ ಒದಗುವ ಅತ್ಯುತ್ತಮ ಸಾಮಗ್ರಿ. ಅವುಗಳ ವೈಶಿಷ್ಟ್ಯವು ಸ್ಪಷ್ಟವಾಗಬೇಕಾದರೆ ಅವಕ್ಕಿಂತ ಹಳೆಯವಾದ ಎರಡು ಉದ್ಯಾನಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡುವುದು ಉಚಿತ. ಅವುಗಳಲ್ಲಿ ಒಂದು ಭಾರತದ್ದು, ಮತ್ತೊಂದು ಚೀನದ್ದು.

೨

ಮೊದಲನೆಯದು ಅಕ್ಬರನ ಆಸ್ಥಾನಕ್ಕೆ ಸೇರಿದುದು. ಬಾಬರನ ಆತ್ಮಚರಿತ್ರೆಯನ್ನು ಅಬ್ದುರ್ ರಹೀಮ್ ಖಾನ್-ಎ-ಖಾನಾನನು ತುರ್ಕಿಯಿಂದ ಪಾರಸಿಗೆ ತಂದು ೧೫೮೯ರಲ್ಲಿ ಅರಸನಿಗೆ ಒಪ್ಪಿಸಿದ ಮೇಲೆ ಅದರ ಪ್ರತಿಗಳನ್ನು ಚಿತ್ರಗಳಿಂದ ಅಲಂಕರಿಸಿದರು. ಬಿಷನ್‌ದಾಸನು ಬರೆದು ನನ್ಹಾ ಎಂಬವನು ಮುಖಗಳನ್ನು ತಿದ್ದಿದ ಒಂದು ಚಿತ್ರವು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಜಲಾಲಾಬಾದಿನ ಸಮೀಪದಲ್ಲಿ ಬಾಬರನು ಹಾಕಿಸಿದ ‘ಬಾಗ್-ಎ-ವಫಾ’ ಎಂಬ ತೋಟದ ಕೆಲಸವು ಅದರಲ್ಲಿ ನಡೆಯುತ್ತಿದೆ. ನೀರಿನ ಕಾಲುವೆಗಳು ನೆಲವನ್ನು ನಾಲ್ಕು ಪಾಲು ಮಾಡಿವೆ. ಆಳುಗಳು ಹಗ್ಗ ಹಿಡಿದು ಅಳೆಯುತ್ತಿದ್ದಾರೆ. ಒಬ್ಬನು ನಕ್ಷೆಯ ಹಲಗೆಯನ್ನು ಹಿಡಿದು ನಿಂತಿದ್ದಾನೆ. ಅರಸನು ಕೈಚಾಚಿ ಆಜ್ಞಾಪಿಸುತ್ತಿದ್ದಾನೆ. ದರ್ಶನಕ್ಕೆ ಬಂದವರು ಬಾಗಿಲ ಹೊರಗೆ ಕಾದಿದ್ದಾರೆ. ಚಿತ್ರದ ಸೊಗಸೆಲ್ಲವೂ ಈ ಚಟುವಟಿಕೆಯಲ್ಲಿದೆ. ತೋಟವು ಇಲ್ಲಿ ಆಳ್ವಿಕೆಯ ಪ್ರತಿಮೆ. ಒರಟಾದ ನಾಡಿಗೆ ನೇರವಾದ ಗೆರೆಗಳನ್ನು ವಿಧಿಸಿದ ಅರಸನ ಕೀರ್ತಿ. ರಸವು ವೀರಕ್ಕೆ ಹತ್ತಿರವೇ ಹೊರತು ಶಾಂತಕ್ಕಲ್ಲ.

ಎರಡನೆಯದು ಚೀನದ ವೆನ್ ಝೆಂಗ್‌ಮಿಂಗನದು (೧೪೭೦–೧೫೫೯). ಈತನು ಪಂಡಿತ, ಕವಿ, ಲಿಪಿಕಾರ, ಚಿತ್ರಕಾರ. ಐವತ್ತು ದಾಟಿದ ಮೇಲೆ ರಾಜಧಾನಿಯಲ್ಲಿ ಮೂರು ವರ್ಷಗಳಷ್ಟು ಸರ್ಕಾರಿ ಸೇವೆಮಾಡಿ, ಅದಕ್ಕೆ ಬೇಸತ್ತು ಊರಾದ ಸುಜೌವಿಗೆ ಹಿಂದಿರುಗಿದವನು. ಅದೇ ಊರಿನಲ್ಲಿ ಅಧಿಕಾರವನ್ನು ತೊರೆದುಬಂದ ವಾಂಗ್ ಎಂಬ ಗೃಹಸ್ಥನು ಒಂದು ತೋಟವನ್ನು ಮಾಡಿಕೊಂಡು, ಅದಕ್ಕೆ ‘ಕೈಲಾಗದ ಅಧಿಕಾರಿಯ ತೋಟ’ ಎಂಬರ್ಥದ ಹೆಸರನ್ನು ವಿನೋದವಾಗಿ ಇಟ್ಟಿದ್ದನು. ವೆನ್ ಆ ತೋಟದ ಮೂವತ್ತೊಂದು ನೋಟಗಳನ್ನು ೧೫೩೩ರಲ್ಲಿ ಬರೆದನು. ಎಂಬತ್ತು ದಾಟಿದ ಮೇಲೆ, ೧೫೫೧ರಲ್ಲಿ, ಎಂಟು ನೋಟಗಳನ್ನು ಮತ್ತೆ ಬರೆದನು. ಈ ಎಂಟು ಹಾಳೆಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿವೆ. ಒಂದೊಂದೂ ಗೇಣಿಗಿಂತ ಸ್ವಲ್ಪವೇ ದೊಡ್ಡದು, ಸುಮಾರು ೨೭ ಸೆಂಟಿಮೀಟರ್. ಬಣ್ಣವಿಲ್ಲ, ಮಸಿ ಮಾತ್ರ. ಒಂದು ಕಡೆ ಚಿತ್ರ, ಎದುರಿಗೆ ಅದೇ ಸ್ಥಳವನ್ನು ಕುರಿತ ಪದ್ಯ. ಒಂದೆರಡು ಮರ, ಒಂದು ಹುಲ್ಲುಮಾಡು, ಒಂದು ನೀರಿನ ಅಂಚು, ಮಿಕ್ಕುದೆಲ್ಲ ಬರಿಯ ಕಾಗದ.

ಇಲ್ಲಿ ಶಾಂತವು ಖಂಡಿತವಾಗಿಯೂ ಇದೆ. ಆದರೆ ಅದು ಬರುವ ದಾರಿ ಯಾವುದೆಂಬುದನ್ನು ಗಮನಿಸಬೇಕು. ತೋಟದ ಪ್ರತಿಯೊಂದು ಮೂಲೆಗೂ ಹೆಸರುಂಟು; ಹೆಸರಿನ ಹಿಂದೆ ಪೂರ್ವಕವಿಗಳ ಸ್ಮರಣೆಯುಂಟು; ಪದ್ಯವು ಆ ಸ್ಮರಣೆಯನ್ನು ಬಿಡಿಸಿ ತೋರಿಸುತ್ತದೆ. ತಿಳಿದವನು ಈ ಹಾಳೆಗಳನ್ನು ನೋಡುವುದೆಂದರೆ ಓದುವುದೇ ಸರಿ. ಅಧಿಕಾರವನ್ನು ಬಿಟ್ಟುಬಂದವನ ನಿರಾಳವು ಚಿತ್ರದ ಸ್ಥಾಯಿ. ತೋಟವು ಆ ನಿರಾಳಕ್ಕೆ ಮನೆ. ಅಂದರೆ ವಿರಕ್ತನಾದ ಪಂಡಿತನು ಚಿತ್ರದಲ್ಲಿ ಕಾಣದಿದ್ದರೂ ಆಲಂಬನವು ಆತನೇ. ಆತನ ಪಾಂಡಿತ್ಯವನ್ನು ಹಂಚಿಕೊಳ್ಳದವನಿಗೆ ಈ ಹಾಳೆಗಳ ಬಾಗಿಲು ಅರೆ ಮಾತ್ರ ತೆರೆಯುತ್ತದೆ. ಹೆಸರಿನ ನೆರವಿಲ್ಲದೆ, ಪದ್ಯದ ನೆರವಿಲ್ಲದೆ, ಅರಸನಾಗಲಿ ವಿರಕ್ತನಾಗಲಿ ಇಲ್ಲದೆ, ಬರಿಯ ನೀರು ಮತ್ತು ಬೆಳಕಿನಿಂದ ಶಮವನ್ನು ಸಾಧಿಸುವುದು ಸಾಧ್ಯವೇ ಎಂಬ ಪ್ರಶ್ನೆಯು ಮೊನೆಯ ಪಾಲಿಗೆ ಉಳಿಯಿತು.

೩

ಮೊನೆಯು ೧೮೮೩ರಲ್ಲಿ ಪ್ಯಾರಿಸ್ಸಿನ ವಾಯವ್ಯಕ್ಕಿರುವ ಜಿವರ್ನಿ ಎಂಬ ಹಳ್ಳಿಗೆ ಬಂದು ಬಾಡಿಗೆಯ ಮನೆಯಲ್ಲಿ ನೆಲಸಿದನು. ಚಿತ್ರಗಳು ಮಾರಾಟವಾಗಿ ಕೈಯಲ್ಲಿ ಹಣವಾಡಿದ ಮೇಲೆ ೧೮೯೦ರಲ್ಲಿ ಆ ಮನೆಯನ್ನು ಕೊಂಡನು. ೧೮೯೩ರಲ್ಲಿ ರೈಲುದಾರಿಯ ಆಚೆಗಿದ್ದ ಜೌಗು ನೆಲವನ್ನು ಕೊಂಡು, ಎಪ್ತ್ ನದಿಯ ಕವಲೊಂದರಿಂದ ನೀರನ್ನು ತಿರುಗಿಸಿಕೊಳ್ಳಲು ಸರ್ಕಾರದ ಅಪ್ಪಣೆಯನ್ನು ಬೇಡಿದನು. ಹಳ್ಳಿಗರು ವಿರೋಧಿಸಿದರು. ಹೊರನಾಡಿನ ಗಿಡಗಳು ನೀರನ್ನು ಕೆಡಿಸುವುವು, ದನಕರುಗಳಿಗೂ ಬಟ್ಟೆ ಒಗೆಯುವವರಿಗೂ ತೊಂದರೆಯಾಗುವುದು ಎಂಬುದು ಅವರ ಅಂಜಿಕೆ. ಕಣ್ಣಿನ ಸಂತೋಷಕ್ಕೂ ಚಿತ್ರ ಬರೆಯುವುದಕ್ಕೂ ಈ ಕೊಳವು ಬೇಕೆಂದು ಆತನು ಅಧಿಕಾರಿಗಳಿಗೆ ಬಿನ್ನವಿಸಿಕೊಂಡನು. ಅದೇ ವರ್ಷ ಅಪ್ಪಣೆ ದೊರೆಯಿತು. ಕೊಳವನ್ನು ತೋಡಿದ್ದಾಯಿತು, ಅದರ ಮೇಲೆ ಜಪಾನಿನ ಮಾದರಿಯ ಕಮಾನುಸೇತುವೆಯೊಂದು ಎದ್ದಿತು, ೧೯೦೧ರಲ್ಲಿ ಇನ್ನಷ್ಟು ನೆಲವನ್ನು ಕೊಂಡು ಕೊಳವನ್ನು ಹಿಗ್ಗಿಸಿದನು.

ಈ ವಿವರಗಳು ಚರಿತ್ರೆಗೆ ಮಾತ್ರ ಸಂಬಂಧಿಸಿದವಲ್ಲ, ವಿಮರ್ಶೆಗೂ ಸಂಬಂಧಿಸಿದುವು. ಸಾಮಾನ್ಯವಾಗಿ ಚಿತ್ರಕಾರನು ಪ್ರಕೃತಿಯಲ್ಲಿ ವಸ್ತುವನ್ನು ಹುಡುಕಿಕೊಂಡು ಹೋಗುತ್ತಾನೆ. ಮೊನೆಯೂ ಮೊದಲು ಹಾಗೆಯೇ ಸಮುದ್ರತೀರಗಳನ್ನೂ ಬಂಡೆಗಳನ್ನೂ ನಗರದ ನಿಲ್ದಾಣಗಳನ್ನೂ ಅರಸಿ ಅಲೆದವನು. ಇಲ್ಲಿ ಆತನು ವಸ್ತುವನ್ನೇ ಬಿತ್ತಿ ಬೆಳೆಸಿದನು. ಗಿಡಗಳು ಬೇರುಬಿಟ್ಟು ನೀರು ತುಂಬಿ ಕೊಳವು ಕೊಳವಾಗುವವರೆಗೆ ಕಾದನು. ಅದನ್ನು ಮನಸ್ಸಿಟ್ಟು ಬರೆಯಲಾರಂಭಿಸಿದುದು ಕೆಲವು ವರ್ಷಗಳಾದ ಮೇಲೆಯೇ. ಕ್ಷಣಿಕವಾದ ಬೆಳಕನ್ನು ಹಿಡಿಯುವ ಆತುರಕ್ಕೆ ಹೆಸರಾದ ಕಲಾವಿದನು ಹೀಗೆ ಕಾಯಲು ಕಲಿತುದು ದೊಡ್ಡ ಪರಿವರ್ತನೆ. ಧ್ಯಾನದ ಮೊದಲ ಅಂಗವು ಇಲ್ಲಿಯೇ ಸಿದ್ಧವಾಯಿತೆನ್ನಬಹುದು.

ಎರಡನೆಯ ಅಂಗವಾದ ಆವೃತ್ತಿಯನ್ನು ಆತನು ಕೊಳಕ್ಕಿಂತ ಮುಂಚೆಯೇ ಅಭ್ಯಾಸಮಾಡಿದ್ದನು. ೧೮೯೦–೯೧ರಲ್ಲಿ ನೆರೆಯ ಹೊಲದ ಧಾನ್ಯದ ಬಣವೆಗಳನ್ನು ಹಲವು ಹೊತ್ತಿನಲ್ಲಿ, ಹಲವು ಹವೆಯಲ್ಲಿ ಬರೆದು, ಅವುಗಳಲ್ಲಿ ಹದಿನೈದನ್ನು ಪ್ಯಾರಿಸ್ಸಿನಲ್ಲಿ ಒಟ್ಟಿಗೆ ತೂಗುಹಾಕಿದನು. ಬೆಳಕು ಬದಲಾದಂತೆ ಒಂದು ಪಟವನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದು ಆತನ ಪದ್ಧತಿ. ರೂಆಂ ನಗರದ ಇಗರ್ಜಿಯ ಮುಖಭಾಗವನ್ನೂ ಹೀಗೆಯೇ ಬರೆದನು. ಬಣವೆಯಾದರೋ ಯಾರದೋ ಹೊಲದ್ದು. ಸುಗ್ಗಿ ಕಳೆದರೆ ಕರಗುವುದು. ಕೊಳವು ಮನೆಯದು, ಬೆಳಗ್ಗೆಯೂ ಅಲ್ಲಿಯೇ, ಮುಂದಿನ ವರ್ಷವೂ ಅಲ್ಲಿಯೇ. ಜಪದಲ್ಲಿ ಒಂದೇ ಮಣಿಮಾಲೆಯು ಮತ್ತೆ ಮತ್ತೆ ಬೆರಳಿಗೆ ಸಿಕ್ಕುವಂತೆ ಆ ನೀರು ಆತನ ಕಣ್ಣಿಗೆ ಸಿಕ್ಕಿತು. ನೈದಿಲೆಯ ಕೊಳವನ್ನು ಕುರಿತ ಆತನ ಚಿತ್ರಗಳು ಸುಮಾರು ೨೫೦ ಎಂದು ಲೆಕ್ಕ.

೪

ಈ ಹೂವನ್ನು ಕನ್ನಡದಲ್ಲಿ ತಾವರೆಯೆಂದು ಕರೆದರೆ ಚಿತ್ರಗಳ ಮರ್ಮವೇ ತಪ್ಪಿಹೋಗುತ್ತದೆ. ತಾವರೆಯ ಎಲೆಯೂ ಹೂವೂ ದಂಟಿನ ಮೇಲೆ ನೀರನ್ನು ಬಿಟ್ಟು ಮೇಲೇಳುತ್ತವೆ. ಆದುದರಿಂದಲೇ ಕೆಸರಿನಿಂದ ಎದ್ದು ಅದನ್ನು ಅಂಟಿಸಿಕೊಳ್ಳದ ಹೂವೆಂದು ಅದು ವೈರಾಗ್ಯಕ್ಕೆ ಉಪಮಾನವಾಯಿತು. ಮೊನೆಯ ಕೊಳದ್ದು ನೈದಿಲೆ. ಅದರ ಎಲೆಯು ನೀರಿನ ಮೇಲೆ ಚಪ್ಪಟೆಯಾಗಿ ಒರಗಿರುತ್ತದೆ; ಹೂವೂ ನೀರನ್ನು ಬಹಳ ದೂರ ಬಿಟ್ಟು ಏಳುವುದಿಲ್ಲ. ಕಾವ್ಯದ ಕುಮುದವು ಚಂದ್ರನಿಗಾಗಿ ಅರಳುವುದು. ಇವಾದರೋ ಲತೂರ್-ಮಾರ್ಲ್ಯಾಕ್ ಎಂಬ ಸಸ್ಯತಜ್ಞನು ಬೆರಕೆಮಾಡಿ ಬೆಳೆಸಿ ೧೮೮೯ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದಂಥ ಬಣ್ಣಬಣ್ಣದ ತಳಿಗಳು. ಹಗಲು ಅರಳಿ, ಹೊತ್ತು ಇಳಿಯುತ್ತಲೇ ಮುಚ್ಚಿಕೊಳ್ಳುವಂಥವು. ಆದುದರಿಂದ ಇಲ್ಲಿ ಅಂಟದೆ ಮೇಲೆದ್ದ ಹೂವಿನ ಉಪದೇಶವೂ ಇಲ್ಲ, ಚಂದ್ರನ ಪ್ರಣಯವೂ ಇಲ್ಲ. ಎಲೆಯು ನೀರಿನ ಮೇಲ್ಮೈಯನ್ನು ಕಣ್ಣಿಗೆ ಗುರುತುಮಾಡಿಕೊಡುತ್ತದೆ, ಅಷ್ಟೆ. ಕಾಣದಂತಿರುವ ನೀರು ಎಲ್ಲಿದೆ ಎಂಬುದನ್ನು ಆ ಎಲೆಗಳೇ ಹೇಳುತ್ತವೆ.

ಚಿತ್ರಗಳನ್ನು ಕಾಲಕ್ರಮದಲ್ಲಿ ನೋಡಿದರೆ ಕಲಾವಿದನು ಒಂದೊಂದಾಗಿ ಏನನ್ನು ಬಿಡುತ್ತ ಹೋದನೆಂಬುದು ತಿಳಿಯುತ್ತದೆ. ೧೮೯೯ರ ಸುಮಾರಿನ ಚಿತ್ರಗಳಲ್ಲಿ ಸೇತುವೆಯಿದೆ, ದಡವಿದೆ, ಹಿಂದೆ ಮರಗಳ ಗೋಡೆಯಿದೆ. ಆಕಾಶಕ್ಕೆ ಮಾತ್ರ ಆಗಲೇ ಎಡೆಯಿಲ್ಲ. ೧೯೦೩ರಿಂದ ಈಚೆಗೆ ಸೇತುವೆ ಮರೆಯಾಗುತ್ತದೆ. ದಡವು ಮೇಲಂಚಿಗೆ ಸರಿದು, ಕೊನೆಗೆ ಚೌಕಟ್ಟಿನಿಂದಲೇ ಹೊರಟುಹೋಗುತ್ತದೆ. ಉಳಿಯುವುದು ನೀರೊಂದೇ. ಈ ಸಾಲಿನ ೪೮ ಚಿತ್ರಗಳನ್ನು ೧೯೦೯ರಲ್ಲಿ ಪ್ಯಾರಿಸ್ಸಿನ ದ್ಯುರಾಂ-ರುಯೆಲನ ಅಂಗಡಿಯಲ್ಲಿ ಪ್ರದರ್ಶಿಸಿದರು. ಅದಕ್ಕೆ ಹಿಂದಿನ ವರ್ಷ ತೃಪ್ತಿಯಾಗದ ಹಲವು ಪಟಗಳನ್ನು ಆತನು ತಾನೇ ನಾಶಮಾಡಿದ್ದನು.

ದಡವು ಹೋದುದರ ಪರಿಣಾಮವನ್ನು ಸಹೃದಯರು ಸೂಕ್ಷ್ಮವಾಗಿ ಪರಿಶೀಲಿಸಬೇಕು. ದಡವಿದ್ದರೆ ನೋಡುವವನಿಗೆ ನಿಲ್ಲಲು ಒಂದು ಸ್ಥಳವುಂಟು. ‘ನಾನು ಇಲ್ಲಿ, ತೋಟ ಅಲ್ಲಿ’ ಎಂಬ ಭೇದಬುದ್ಧಿಯುಂಟು. ಬಾಬರನ ಚಿತ್ರದಲ್ಲಿ ಆ ಭೇದವೇ ಸರ್ವಸ್ವ. ದಡವನ್ನು ತೆಗೆದ ಕೂಡಲೆ ಒಡೆಯನ ಸ್ಥಾನವು ಕರಗುತ್ತದೆ. ಮೇಲು ಕೆಳಗೆಂಬ ವ್ಯವಸ್ಥೆಯೂ ಸಡಿಲವಾಗುತ್ತದೆ. ಮೋಡವು ಎಲೆಯ ಕೆಳಗೆ ತೇಲುತ್ತದೆ, ಮರವು ತಲೆಕೆಳಗಾಗಿ ಆಳಕ್ಕೆ ಇಳಿಯುತ್ತದೆ. ಒಂದೇ ಮೇಲ್ಮೈಯಲ್ಲಿ ಮೂರು ಲೋಕಗಳು ಸೇರಿವೆ: ಮೇಲೆ ಒರಗಿರುವ ಎಲೆ, ಒಳಗೆ ಬೆಳೆದ ಜೊಂಡು, ಎಲ್ಲಿಂದಲೋ ಬಂದು ಬಿದ್ದ ಆಕಾಶ. ಕಣ್ಣು ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಹಿಡಿಯುವ ಪ್ರಯತ್ನವನ್ನು ಬಿಟ್ಟಾಗಲೇ ಮೂರೂ ಒಟ್ಟಿಗೆ ಕಾಣುತ್ತವೆ. ಇದು ಯಾವ ತತ್ತ್ವದ ವ್ಯಾಖ್ಯಾನವೂ ಅಲ್ಲ. ಪಟದ ಮುಂದೆ ಹತ್ತು ನಿಮಿಷ ನಿಂತವನ ಕಣ್ಣಿಗೆ ಆಗುವ ಅನುಭವ. ಉದ್ಯಾನವು ಆಲಂಬನವಾದುದು ಇಲ್ಲಿ. ನಾಯಕನಿಲ್ಲ, ವಿರಕ್ತನಿಲ್ಲ, ನೋಡುವವನ ಒಡೆತನವು ಶಮಿಸುವುದೇ ಈ ರಸದ ಸ್ವರೂಪ.

೫

ಇಷ್ಟು ಹೇಳಿದ ಮೇಲೆ ಒಂದು ಕಠಿನವಾದ ಆಕ್ಷೇಪವನ್ನು ಎದುರಿಸಲೇಬೇಕು. ಲೋಕವು ಉರಿಯುತ್ತಿರುವಾಗ ಕೊಳದ ಬಳಿ ಕುಳಿತು ಬಣ್ಣಗಳ ಚಿಂತೆಮಾಡುವುದು ಶಾಂತಿಯೋ, ಪಲಾಯನವೋ? ಮೊನೆಯು ತನ್ನ ಅತಿ ದೊಡ್ಡ ಪಟಗಳನ್ನು ಆರಂಭಿಸಿದುದು ೧೯೧೪ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಮಹಾಯುದ್ಧವು ಹೊತ್ತಿತು. ಜರ್ಮನರು ಮುಂದೊತ್ತಿ ಬಂದಾಗಲೂ ಆತನು ಜಿವರ್ನಿಯನ್ನು ಬಿಡಲಿಲ್ಲ. ದೇಶವು ರಕ್ತದಲ್ಲಿ ತೊಯ್ಯುತ್ತಿದ್ದಾಗ ನೈದಿಲೆಯನ್ನೇ ಬರೆದನು. ಇದು ಆಕ್ಷೇಪಕರು ಹೊರಗಿನಿಂದ ಹೊರಿಸಿದ ಅಪವಾದ ಮಾತ್ರವಲ್ಲ. ಅಷ್ಟು ಮಂದಿ ನೋವುಂಡು ಸಾಯುತ್ತಿರುವಾಗ ರೂಪವರ್ಣಗಳ ಸಣ್ಣ ಅನ್ವೇಷಣೆಯಲ್ಲಿ ತೊಡಗಿರಲು ನಾಚಿಕೆಯಾಗುವುದೆಂಬ ಅಭಿಪ್ರಾಯವನ್ನು ಆ ವರ್ಷದ ಕೊನೆಯಲ್ಲಿ ಮೊನೆಯೇ ಮಿತ್ರನಿಗೆ ಕಾಗದದಲ್ಲಿ ತಿಳಿಸಿದ್ದನು.

ಆಕ್ಷೇಪಕ್ಕೆ ಇನ್ನೊಂದು ಮುಖವೂ ಉಂಟು. ಈ ಶಾಂತಿಯ ಹಿಂದೆ ಸಿರಿವಂತಿಕೆಯಿದೆ. ಆರೇಳು ಮಂದಿ ತೋಟಗಾರರು ದುಡಿಯುತ್ತಿದ್ದರು. ಒಬ್ಬನ ಕೆಲಸವಂತೂ ಕೊಳದ್ದೇ, ಆತನು ದೋಣಿಯಲ್ಲಿ ಹೋಗಿ ನೀರಿನ ಪಾಚಿಯನ್ನೂ ಎಲೆಗಳ ಮೇಲಿನ ಕೊಳೆಯನ್ನೂ ತೆಗೆಯಬೇಕು. ಮೋಟಾರುಗಳೆಬ್ಬಿಸಿದ ಧೂಳು ಹೂಗಳ ಮೇಲೆ ಕೂರದಿರಲೆಂದು ಪಕ್ಕದ ರಸ್ತೆಗೆ ಮೊನೆಯು ತನ್ನ ಖರ್ಚಿನಲ್ಲಿ ಟಾರು ಹಾಕಿಸಿದನು. ಬಟ್ಟೆ ಒಗೆಯುವವರ ಅಂಜಿಕೆಯನ್ನು ಮೀರಿ ನೀರು ತಿರುಗಿದುದನ್ನು ಹಿಂದೆಯೇ ಹೇಳಿದೆ. ಆದರೆ ಚಿತ್ರಗಳಲ್ಲಿ ಆ ದೋಣಿಯಾಗಲಿ, ತೋಟಗಾರನಾಗಲಿ, ಒಗೆಯುವ ಹೆಂಗಸಾಗಲಿ ಕಾಣಿಸುವುದಿಲ್ಲ. ಬಿಷನ್‌ದಾಸನು ಹಗ್ಗ ಹಿಡಿದ ಆಳನ್ನು ಮರೆಯಲಿಲ್ಲ, ಮೊನೆಯು ಮರೆತನು. ಈ ಕೊರತೆಯನ್ನು ಮೆಚ್ಚುಗೆಯ ಭರದಲ್ಲಿ ಮುಚ್ಚಿಡುವುದು ವಿಮರ್ಶಕನ ಧರ್ಮವಲ್ಲ.

ಆದರೂ ಪಲಾಯನವೆಂಬ ತೀರ್ಪು ನಿಲ್ಲಲಾರದು. ಪಲಾಯನದಿಂದ ಹುಟ್ಟಿದ ಕಲೆಯು ನೋವನ್ನು ಹೊರಗಿಟ್ಟು ಬಾಗಿಲು ಹಾಕುತ್ತದೆ. ಅದರ ಸವಿಯು ಸಕ್ಕರೆಯ ಸವಿ. ಮೊನೆಯ ಕೊಳಕ್ಕೆ ನೋವು ಒಳಬಂದೇ ಇದೆ. ಆತನ ಎರಡನೆಯ ಹೆಂಡತಿ ಆಲಿಸ್ ೧೯೧೧ರಲ್ಲಿ ತೀರಿಕೊಂಡಳು. ಮರುವರ್ಷವೇ ಕಣ್ಣಿನಲ್ಲಿ ಪೊರೆ ಕಟ್ಟಿರುವುದನ್ನು ವೈದ್ಯರು ಕಂಡುಹಿಡಿದರು. ೧೯೧೪ರ ಫೆಬ್ರವರಿಯಲ್ಲಿ ಹಿರಿಯ ಮಗನು ಸತ್ತನು. ಕಿರಿಯವನು ಯುದ್ಧಕ್ಕೆ ಹೋದನು. ಈ ಕಾಲದಲ್ಲಿ ಬರೆದ ಅಳುವಿಲ್ಲೋ ಮರಗಳ ಚಿತ್ರಗಳಲ್ಲಿ ಕಾಂಡವು ತಿರುಚಿಕೊಂಡಿದೆ, ರೆಂಬೆಗಳು ಬಿಚ್ಚಿದ ಮುಡಿಯಂತೆ ಜೋತುಬಿದ್ದಿವೆ. ಆ ಮರವೇ ಮುಂದೆ ದೊಡ್ಡ ಪಟಗಳ ನೀರಿಗೂ ಬಾಗಿತು. ಹಿಂದೊಮ್ಮೆ, ೧೮೭೯ರಲ್ಲಿ, ಮೊದಲ ಹೆಂಡತಿ ಕಮಿಲ್ ಮರಣಶಯ್ಯೆಯಲ್ಲಿದ್ದಾಗ ಆಕೆಯ ಮುಖದ ಮೇಲೆ ಬದಲಾಗುತ್ತಿದ್ದ ಬಣ್ಣಗಳನ್ನೇ ಆತನು ಚಿತ್ರಿಸಿದ್ದನು. ನೋಡುವುದೇ ದುಃಖಿಸುವ ರೀತಿಯಾದವನಿಗೆ ಕೊಳದ ಬಳಿ ಕೂರುವುದು ಲೋಕವನ್ನು ಮರೆಯುವುದೆಂದು ಹೇಳುವಂತಿಲ್ಲ. ಶಾಂತಕ್ಕೆ ನಿರ್ವೇದವೇ ಸ್ಥಾಯಿಯೆಂದ ಆಲಂಕಾರಿಕರ ಮಾತಿಗೆ ಇಲ್ಲಿ ಒಳ್ಳೆಯ ಸಮರ್ಥನೆ ದೊರೆಯುತ್ತದೆ.

ಕಣ್ಣಿನ ಬೇನೆಯನ್ನೇ ಹಿಡಿದು, ಈ ಚಿತ್ರಗಳ ಅಸ್ಪಷ್ಟತೆಯೆಲ್ಲವೂ ಪೊರೆಯ ಫಲವೆನ್ನುವವರೂ ಉಂಟು. ರೋಗವು ಬಣ್ಣಗಳನ್ನು ಕೆಡಿಸಿದುದು ನಿಜ. ಸೇತುವೆಯನ್ನು ಕುರಿತ ಕಡೆಗಾಲದ ಕೆಲವು ಚಿತ್ರಗಳು ಕೆಂಪು ಕಂದುಗಳಲ್ಲಿ ಕುದಿಯುತ್ತವೆ. ಕೊಳವೆಗಳ ಮೇಲಿನ ಹೆಸರನ್ನೂ ಹಲಗೆಯ ಮೇಲಿನ ಬಣ್ಣಗಳ ಕ್ರಮವನ್ನೂ ನಂಬಿ ಬರೆಯುವ ಸ್ಥಿತಿ ಆತನಿಗೆ ಬಂದಿತ್ತು. ೧೯೨೩ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಆದರೆ ದಡವನ್ನು ಬಿಟ್ಟುದು, ಆಕಾಶವನ್ನು ನೀರಿಗಿಳಿಸಿದುದು, ಇವು ಕಣ್ಣು ಚೆನ್ನಾಗಿದ್ದಾಗಲೇ ನಡೆದುವು. ಬೇನೆಯು ಮಾಡಿದುದು ಇಷ್ಟೇ: ಹೊರಗಿನ ಕೊಳವನ್ನು ಅಷ್ಟಷ್ಟಾಗಿ ಕಸಿದುಕೊಂಡು, ನೆನಪಿನ ಕೊಳವನ್ನು ಆತನಿಗೆ ಉಳಿಸಿತು. ಬೃಹತ್ಪಟಗಳನ್ನು ಆತನು ಬರೆದುದು ಅದಕ್ಕಾಗಿಯೇ ಕಟ್ಟಿಸಿದ ವಿಶಾಲವಾದ ಚಿತ್ರಶಾಲೆಯೊಳಗೆ, ಗಾಲಿಗಳ ಮೇಲೆ ಸರಿಯುವ ಚೌಕಟ್ಟುಗಳಲ್ಲಿ. ಇಪ್ಪತ್ತು ವರ್ಷ ಎದುರಿಗೆ ಕುಳಿತು ನೋಡಿದ ನೀರು ಆ ವೇಳೆಗೆ ಕೈಗೆ ಬಂದಿತ್ತು.

೬

ಯುದ್ಧವು ನಿಂತುದು ೧೯೧೮ರ ನವೆಂಬರ್ ೧೧ರಂದು. ಮರುದಿನವೇ ಮೊನೆಯು ಪ್ರಧಾನಮಂತ್ರಿಯೂ ಹಳೆಯ ಗೆಳೆಯನೂ ಆದ ಕ್ಲೆಮಾಂಸೊವಿಗೆ ಕಾಗದ ಬರೆದು, ಎರಡು ಪಟಗಳನ್ನು ರಾಷ್ಟ್ರಕ್ಕೆ ಅರ್ಪಿಸುವುದಾಗಿ ತಿಳಿಸಿದನು. ಆ ದಾನವು ಬೆಳೆದು ಬೆಳೆದು ೧೯೨೨ರ ಒಪ್ಪಂದದಲ್ಲಿ ಒಂದು ಇಡೀ ಚಿತ್ರಮಂದಿರವಾಯಿತು. ಪ್ಯಾರಿಸ್ಸಿನ ತ್ವಿಲರಿ ಉದ್ಯಾನದಲ್ಲಿ, ಹಿಂದೆ ಕಿತ್ತಳೆಯ ಗಿಡಗಳನ್ನು ಚಳಿಗಾಲದಲ್ಲಿ ಕಾಪಾಡುತ್ತಿದ್ದ ಒರಾಂಜರಿ ಎಂಬ ಕಟ್ಟಡದಲ್ಲಿ, ಎರಡು ಅಂಡಾಕಾರದ ಕೋಣೆಗಳಲ್ಲಿ ಎಂಟು ಬೃಹಚ್ಚಿತ್ರಗಳನ್ನು ಅಳವಡಿಸಿದರು. ಎತ್ತರವು ಸುಮಾರು ಎರಡು ಮೀಟರ್. ಒಟ್ಟು ಉದ್ದವು ೯೦ ಮೀಟರುಗಳಷ್ಟು. ಬೆಳಕು ಮಾಡಿನಿಂದ ಇಳಿಯಬೇಕೆಂದು ಏರ್ಪಾಡು. ಮೊನೆಯು ಬದುಕಿರುವವರೆಗೂ ಪಟಗಳನ್ನು ತಿದ್ದುತ್ತಲೇ ಇದ್ದು, ೧೯೨೬ರ ಡಿಸೆಂಬರ್ ೫ರಂದು ತೀರಿಕೊಂಡನು. ಮಂದಿರವು ತೆರೆದುದು ೧೯೨೭ರ ಮೇ ತಿಂಗಳಲ್ಲಿ.

ಎಂಟು ಚಿತ್ರಗಳೂ ಒಂದೇ ಸಮನಾಗಿಲ್ಲ. ಮೊದಲ ಕೋಣೆಯ ‘ಸೂರ್ಯಾಸ್ತ’ದಲ್ಲಿ ನೀರಿನ ನಡುವೆ ಹೊತ್ತಿದ ಹಳದಿಯು ಕಣ್ಣನ್ನು ತನ್ನೆಡೆಗೇ ಸೆಳೆದುಕೊಳ್ಳುತ್ತದೆ, ಅಲ್ಲಿ ವರ್ಣದ ಬೆರಗು ಶಮವನ್ನು ಮೀರುತ್ತದೆ, ರಸವು ಅದ್ಭುತದ ಕಡೆಗೆ ವಾಲುತ್ತದೆ. ಅದೇ ಕೋಣೆಯ ‘ಮೋಡಗಳು’ ಇದಕ್ಕಿಂತ ಬಹಳ ಮೇಲು. ಬಿಳಿಯ ಮುಗಿಲು ನೀರಿನಲ್ಲಿ ಹರಡಿದೆ. ಇಕ್ಕೆಲದಲ್ಲಿಯೂ ಮರದ ಕತ್ತಲು. ಎಲೆಗಳು ಗಾಳಿಯಿಲ್ಲದ ಹೊತ್ತಿನಲ್ಲಿ ನಿಂತಿವೆ. ಯಾವುದೊಂದೂ ಮುಖ್ಯವಲ್ಲ, ಯಾವುದೊಂದೂ ಅಮುಖ್ಯವಲ್ಲ. ಎರಡನೆಯ ಕೋಣೆಗೆ ಬಂದರೆ ವಿಲ್ಲೋ ಮರದ ಕಾಂಡಗಳು ನೇರವಾಗಿ ಇಳಿದು, ತೇಲಿಹೋಗುತ್ತಿದ್ದ ಕಣ್ಣಿಗೆ ಒಂದು ಊರೆಯನ್ನು ಕೊಡುತ್ತವೆ. ‘ಎರಡು ವಿಲ್ಲೋಗಳು’ ಎಂಬ ಪಟವು ೧೭ ಮೀಟರ್ ಉದ್ದ; ಒಂದೇ ನೋಟಕ್ಕೆ ಅದು ಸಿಕ್ಕುವುದಿಲ್ಲ, ನಡೆಯುತ್ತ ನೋಡಬೇಕು. ಎರಡು ಮರಗಳ ನಡುವಿನ ಆ ಬಯಲು ನೀರನ್ನು ದಾಟುವಾಗ ಹೆಜ್ಜೆಯು ತಾನಾಗಿ ನಿಧಾನವಾಗುತ್ತದೆ. ಶೋಕವೂ ಶಾಂತವೂ ಒಂದನ್ನೊಂದು ಅಲ್ಲಗಳೆಯದೆ ಕೂಡಿ ನಿಂತಿರುವುದು ಈ ಕೋಣೆಯಲ್ಲಿ. ಕೊಳದ ಚಿತ್ರಗಳ ಸಾರ್ಥಕ್ಯವೂ ಇಲ್ಲಿಯೇ.

ಈ ಮಂದಿರದ ಮುಂದಿನ ಚರಿತ್ರೆಯು ಮೇಲಿನ ವಿಚಾರಕ್ಕೆ ಒಂದು ಪ್ರಮಾಣವನ್ನೇ ಒದಗಿಸಿದೆ. ಮೊದಲ ವರ್ಷಗಳಲ್ಲಿ ಅಲ್ಲಿಗೆ ಬರುವವರೇ ಕಡಮೆ. ಹೊಸ ಪಂಥದ ಕಲಾವಿದರಿಗೆ ಮೊನೆಯು ಹಳಬನಾಗಿ ತೋರಿದ್ದನು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ನವ್ಯಚಿತ್ರಕಾರರೂ ಸಂಗ್ರಹಾಲಯಗಳೂ ಈ ಪಟಗಳ ಕಡೆಗೆ ತಿರುಗಿದ ಮೇಲೆ ಅವಕ್ಕೆ ಎರಡನೆಯ ಜನ್ಮವಾಯಿತು. ಆದರೆ ೧೯೬೦ರ ದಶಕದಲ್ಲಿ ಬೇರೊಂದು ಸಂಗ್ರಹಕ್ಕೆ ಜಾಗಮಾಡಲು ಕೋಣೆಗಳ ಮೇಲೆಯೇ ಅಂತಸ್ತನ್ನು ಕಟ್ಟಿ, ಮಾಡಿನ ಬೆಳಕನ್ನು ಮುಚ್ಚಿಬಿಟ್ಟರು. ಪಟಗಳ ಒಂದು ಎಳೆಯೂ ಕೆಡಲಿಲ್ಲ. ಆದರೂ ಚಿತ್ರವು ಕೆಟ್ಟಿತು. ವಿದ್ಯುದ್ದೀಪದ ಕೆಳಗೆ ಬೆಳಗ್ಗೆಯೂ ಸಂಜೆಯೂ ಒಂದೇ ಆದುವು. ಮೋಡ ಕವಿದಾಗ ಮಂಕಾಗುವುದು, ಬಿಸಿಲು ಬಂದಾಗ ಅರಳುವುದು ಎರಡೂ ನಿಂತುಹೋದುವು. ೨೦೦೦ದಿಂದ ೨೦೦೬ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಆ ಅಂತಸ್ತನ್ನು ತೆಗೆದು ಹಗಲಿನ ಬೆಳಕನ್ನು ಮತ್ತೆ ಒಳಕ್ಕೆ ಬಿಟ್ಟರು. ಇದರಿಂದ ತಿಳಿಯುವುದೇನು? ಈ ಚಿತ್ರಗಳು ತೋಟದ ಪ್ರತಿಕೃತಿಗಳಲ್ಲ. ತೋಟದ ಧರ್ಮವನ್ನೇ ಹೊತ್ತು ಬಂದವು. ಗಿಡಕ್ಕೆ ಬೇಕಾದ ಬೆಳಕೇ ಅವಕ್ಕೂ ಬೇಕು. ಹೊತ್ತಿಗೆ ಹೊತ್ತಿಗೆ ಬದಲಾಗುವುದೇ ಅವುಗಳ ಜೀವ.

ಜಿವರ್ನಿಯ ತೋಟವಾದರೋ ಒಡೆಯನ ಹಿಂದೆ ಬಹಳ ಕಾಲ ಬಾಳಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಸೊಸೆ ಬ್ಲಾಂಶ್ ೧೯೪೭ರಲ್ಲಿ ತೀರಿಕೊಂಡ ಮೇಲೆ ಅದು ಪಾಳುಬಿದ್ದಿತು; ಕೊಳವು ಹೂಳಿತು, ಸೇತುವೆ ಕೊಳೆಯಿತು. ಕಿರಿಯ ಮಗ ಮಿಶೆಲನು ೧೯೬೬ರಲ್ಲಿ ಗತಿಸಿದಾಗ ಆಸ್ತಿಯು ಫ್ರಾನ್ಸಿನ ಲಲಿತಕಲೆಗಳ ಅಕಾಡೆಮಿಗೆ ಸೇರಿತು. ಕೊಳವನ್ನು ಮತ್ತೆ ತೋಡಿ, ಸೇತುವೆಯನ್ನು ಮತ್ತೆ ಕಟ್ಟಿ, ೧೯೮೦ರಲ್ಲಿ ಜನರಿಗೆ ತೆರೆದರು. ಈಗ ಅಲ್ಲಿಗೆ ಹೋಗುವವರು ಮೊದಲು ಚಿತ್ರವನ್ನು ಕಂಡು ಆಮೇಲೆ ತೋಟವನ್ನು ಕಾಣುವವರು. ಆಲಂಬನ ಯಾವುದು, ಉದ್ದೀಪನ ಯಾವುದು ಎಂಬ ಕ್ರಮವೇ ಅವರ ಪಾಲಿಗೆ ಹಿಂದುಮುಂದಾಗಿದೆ.

ತೋಟಗಳು ಹೂಳುತ್ತವೆ, ಮತ್ತೆ ತೋಡಲ್ಪಡುತ್ತವೆ. ವೆನ್ ಝೆಂಗ್‌ಮಿಂಗನು ಕಂಡ ತೋಟವೂ ಇಂದಿನ ಸುಜೌವಿನಲ್ಲಿ ಅಂದಿನಂತೆಯೇ ಉಳಿದಿಲ್ಲ. ಉಳಿದುದು ಗೇಣುದ್ದದ ಎಂಟು ಹಾಳೆ ಅಲ್ಲಿ, ತೊಂಬತ್ತು ಮೀಟರ್ ನೀರು ಇಲ್ಲಿ. ಅಳತೆಯಲ್ಲಿ ಇವೆರಡಕ್ಕೂ ಹೋಲಿಕೆಯಿಲ್ಲ. ಹೋಲಿಕೆಯಿರುವುದು ಒಂದರಲ್ಲಿ ಮಾತ್ರ. ಒಂದೇ ಸ್ಥಳಕ್ಕೆ ಇಬ್ಬರೂ ಮತ್ತೆ ಮತ್ತೆ ಹಿಂದಿರುಗಿದರು. ಒಬ್ಬನು ಹದಿನೆಂಟು ವರ್ಷಗಳ ಮೇಲೆ, ಮತ್ತೊಬ್ಬನು ಪ್ರತಿದಿನ. ಹಿಂದಿರುಗಿದ ಪ್ರತಿಸಲವೂ ಆ ಸ್ಥಳದಿಂದ ಕೇಳುವುದನ್ನು ಸ್ವಲ್ಪ ಕಡಮೆಮಾಡಿದರು. ಉದ್ಯಾನವು ಧ್ಯಾನಕ್ಕೆ ಆಲಂಬನವಾಗುವುದು ಅದರ ಹೂಗಳ ಚೆಲುವಿನಿಂದಲ್ಲ, ವಿಸ್ತಾರದಿಂದಲೂ ಅಲ್ಲ. ನೋಡುವವನು ಅದನ್ನು ತನ್ನದೆನ್ನುವುದನ್ನು ಮರೆಯುವವರೆಗೆ ನೋಡುವುದರಿಂದ. ಅಷ್ಟರ ಮಟ್ಟಿಗೆ, ಹಿತ್ತಿಲಿನ ಬಾವಿಕಟ್ಟೆಯ ಪಕ್ಕದ ನಾಲ್ಕು ಗಿಡವೂ ಜಿವರ್ನಿಯ ಕೊಳಕ್ಕೆ ಕಡಮೆಯಾದುದಲ್ಲ.